ಎಲೆಯ ಕೆಳಗಿನ ಕಾಸು

ಮೊನ್ನೆ ಹೊಳಲ್ಕೆರೆಯಲ್ಲಿ ನೆಂಟರ ಮನೆಯ ಮದುವೆ. ಪಂಕ್ತಿ ಎದ್ದ ಮೇಲೆ ಎಲೆ ತೆಗೆಯಲು ನಾನೂ ಸೆರಗು ಸಿಕ್ಕಿಸಿಕೊಂಡು ಬಗ್ಗಿದೆ. ವಯಸ್ಸಾಯಿತು, ಬಿಡಿ ಎಂದು ಹೆಣ್ಣುಮಕ್ಕಳು ಅಂದರು. ನಾನು ಬಿಡುವವಳಲ್ಲ. ಅವರಲ್ಲೊಬ್ಬಳು ನನ್ನನ್ನೇ ನೋಡುತ್ತಿದ್ದವಳು ಕಿಸಕ್ಕನೆ ನಕ್ಕು, "ಅಜ್ಜಿ, ಒಂದೊಂದು ಎಲೆ ಅಂಚೂ ಎತ್ತೆತ್ತಿ ನೋಡ್ತೀರಲ್ಲ, ಕೆಳಗೆ ನಿಧಿಗಿಧಿ ಐತೇನು?" ಅಂದಳು. ನಾನು ಹಾಗೆ ಮಾಡುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಕೈ ತನ್ನ ಪಾಡಿಗೆ ತಾನು ಹುಡುಕುತ್ತಿತ್ತು. "ಹೋಗೇ, ನಿನ್ನ ಕೆಲಸ ನೋಡು" ಎಂದು ಅವಳ ಮೇಲೆ ರೇಗಿದೆ. ಪಾಪದ ಹುಡುಗಿ, ಅವಳದೇನೂ ತಪ್ಪಿಲ್ಲ. ಅವಳಿಗೆ ಹೇಳಬೇಕಾಗಿದ್ದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಮಾರಿಕಣಿವೆಯ ಅಣೆ ಕಟ್ಟಿ ಮುಗಿಯುವ ಹೊತ್ತಿಗೆ ನನ್ನ ಮದುವೆಯಾಗಿ ಎರಡು ವರ್ಷ. ಮನೆಯಲ್ಲಿ ನಾವು ಮೂರೇ ಜನ: ಅತ್ತೆ, ನಮ್ಮ ಯಜಮಾನರು, ನಾನು. ಮಾವ ನಾನು ಆ ಮನೆ ಹೊಸ್ತಿಲು ದಾಟುವ ಮೊದಲೇ ಲಿಂಗೈಕ್ಯರಾಗಿದ್ದರು. ಅಣೆಯ ಕೆಲಸ ನಡೆಯುತ್ತಿದ್ದಷ್ಟು ಕಾಲ ಯಜಮಾನರು ಹೊಳಲ್ಕೆರೆಯಿಂದ ಬೆಲ್ಲ, ತೆಂಗಿನಕಾಯಿ, ರಾಗಿ ಹೇರಿಕೊಂಡು ಹೋಗಿ ಅಲ್ಲಿನ ಕೂಲಿಯವರಿಗೆ ಮಾರುತ್ತಿದ್ದರು. ಕೆಲಸ ಮುಗಿಯಿತು, ಕೂಲಿಯವರು ಗುಡಿಸಲು ಕಿತ್ತುಕೊಂಡು ಹೋದರು, ಮಿಕ್ಕ ವ್ಯಾಪಾರಿಗಳು ತಕ್ಕಡಿ ಗಂಟು ಕಟ್ಟಿ ತಂತಮ್ಮ ಊರಿಗೆ ಹೊರಟರು. ಇವರು ಮಾತ್ರ ಇನ್ನೂ ಒಂದು ತಿಂಗಳು ಅಲ್ಲೇ ಏನೋ ನೋಡುತ್ತ ಇದ್ದು ಬಂದರು. ಬಂದವರು ಕಾಲಿಗೆ ನೀರು ಕೂಡ ಹಾಕಿಕೊಳ್ಳದೆ ಜಗಲಿಯ ಮೇಲೆ ಕುಂತು ಶುರು ಮಾಡಿದರು.

"ಅವ್ವ, ಕಟ್ಟೋರು ಹೋದ್ರು. ಇನ್ನು ನೋಡೋರು ಬರ್ತಾರೆ."

"ಏನು ನೋಡಾಕೆ?"

"ನೀರು."

ಅತ್ತೆ ಹುಣಸೆಹಣ್ಣು ಕುಟ್ಟುತ್ತಿದ್ದವರು ಕೈ ನಿಲ್ಲಿಸಿದರು. "ನೀರು ಇರೋದು ಕುಡಿಯಾಕೆ ಕಣೋ. ಯಾರಾದ್ರೂ ನೋಡಾಕೆ ಬರ್ತಾರೇನೋ, ಹುಚ್ಚಪ್ಪ?"

"ಬರ್ತಾ ಅವ್ರೆ, ನಾನೇ ಕಣ್ಣಾರೆ ನೋಡಿದೀನಿ. ದೊರೆಗಳು ಬರ್ತಾರೆ, ವಕೀಲರು ಬರ್ತಾರೆ, ಮೇಷ್ಟ್ರುಗಳು ಹೆಂಡ್ರು ಮಕ್ಕಳು ಕಟ್ಕಂಡು ಬರ್ತಾರೆ. ಬಂದೋರಿಗೆ ಮಲಗಾಕೆ ಜಾಗ ಇಲ್ಲ, ಮಾರಮ್ಮನ ಗುಡಿ ಕಟ್ಟೆ ಮ್ಯಾಲೆ ಕುಂತು ಹಳಸಿದ ಬುತ್ತಿ ತಿಂತಾರೆ. ನಾವು ಅಲ್ಲಿ ಒಂದು ಮನೆ ಕಟ್ಟಾಣ. ಎರಡು ಕಮಾನು ಗಾಡಿ ಮಾಡಿಸಾಣ. ಹೊಳಲ್ಕೆರೆ ಟೇಸನ್ನಾಗೆ ರೈಲು ಇಳಿದೋರನ್ನ ಹತ್ತಿಸ್ಕಂಡು ದುರ್ಗದ ಕೋಟೆ ತೋರ್ಸಾದು, ಹಿರಿಯೂರು ಮ್ಯಾಲೆ ಕಣಿವೆಗೆ ಕರ್ಕಂಡು ಬರಾದು, ಹೊಸದುರ್ಗದ ಕಡೆಯಿಂದ ವಾಪಸು ರೈಲು ಹತ್ತಿಸಾದು. ಹೊಲಕ್ಕಾದ್ರೆ ಮಳೆ ಬೇಕು, ಗೊಬ್ಬರ ಬೇಕು. ಕೋಟೆಗೆ ಏನು ಬೇಕವ್ವ? ನಿಂತೈತೆ, ನಿಂತಿರ್ತೈತೆ. ಯಾರೋ ಕಟ್ಟಿದ್ರು, ನಮಗೆ ಬಂಡವಾಳ ಆಯ್ತು!"

ಅವರು ಮಾತಾಡುವಾಗ ಕೈ ಎರಡೂ ಗಾಳಿಯಲ್ಲಿ ಗಾಡಿ ಓಡಿಸುತ್ತಿದ್ದವು. ನನಗೆ ಆಗ ಹದಿನೇಳೋ ಹದಿನೆಂಟೋ. ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಹೊಳಲ್ಕೆರೆ ಬಿಟ್ಟು ಬೇರೆ ಊರು ನೋಡದ ನನಗೆ ದುರ್ಗ, ಹಿರಿಯೂರು ಎಲ್ಲ ಕಾಶಿ ರಾಮೇಶ್ವರದಷ್ಟು ದೂರ. ನನ್ನ ಗಂಡ ದೊಡ್ಡ ಮನುಷ್ಯ ಅನಿಸಿತು. ಅದನ್ನು ಈಗ ಅಲ್ಲಗಳೆಯುವುದಿಲ್ಲ.

ಮನೆ ಕಟ್ಟಲು, ಗಾಡಿ ಮಾಡಿಸಲು, ಎತ್ತು ಕೊಳ್ಳಲು ಇದ್ದದ್ದು ಒಂದೇ ದಾರಿ. ಮಾವ ಅತ್ತೆಯ ಹೆಸರಿಗೆ ಕೊಂಡಿದ್ದ ತೆಂಗಿನ ತೋಟ. ಅತ್ತೆ ಮೂರು ದಿನ ತೋಟಕ್ಕೆ ಹೋಗಿ ಬಂದರು. ನಾಲ್ಕನೆಯ ದಿನ ಬೆಳಿಗ್ಗೆ ಪೂಜೆ ಮುಗಿಸಿ, ಲಿಂಗವನ್ನು ವಸ್ತ್ರದಲ್ಲಿ ಕಟ್ಟಿಕೊಳ್ಳುತ್ತ ಮಗನನ್ನು ಕರೆದರು.

"ತೋಟ ಮಾರಪ್ಪ. ನಿಮ್ಮಪ್ಪ ಇದ್ದಿದ್ರೂ ನಿನ್ನ ಮಾತಿಗೆ ಕುಣೀತಿದ್ರು. ಆದ್ರೆ ಒಂದು ಮಾತು. ತೋಟ ಮಾರು, ಬೇಕಾದ್ರೆ ನನ್ನ ಕಿವಿ ಓಲೆ ಮಾರು. ಅನ್ನ ಮಾರಬ್ಯಾಡ."

ನನಗೆ ಇದನ್ನು ಈಗಿನವರಿಗೆ ವಿವರಿಸುವುದು ಕಷ್ಟ. ಬೀದಿಗೊಂದು ಹೋಟೆಲು ನೋಡಿದವರಿಗೆ ನಗು ಬರಬಹುದು, ನಗಲಿ. ನಮ್ಮ ಕಡೆ ಅಕ್ಕಿ ಮಾರುತ್ತಿದ್ದರು, ರಾಗಿ ಮಾರುತ್ತಿದ್ದರು, ಬೇಳೆ ಮಾರುತ್ತಿದ್ದರು. ಅದೇ ಒಲೆಯ ಮೇಲೆ ಬೆಂದು ಕೆಳಗಿಳಿಯಿತೋ, ಮುಗಿಯಿತು, ಅದಕ್ಕೆ ಬೆಲೆ ಇಲ್ಲ. ಹಸಿದು ಬಂದವರಿಗೆ ಬಡಿಸಬೇಕು. ಮಠದಲ್ಲಿ ಹೇಗೋ ಮನೆಯಲ್ಲೂ ಹಾಗೆ. ಯಾರಾದರೂ ತೀರ ಕೆಟ್ಟು ಹೋದರೆ "ಅನ್ನ ಮಾರ್ಕಂಡು ತಿನ್ನೋ ಗತಿ ಬಂತು" ಅನ್ನುತ್ತಿದ್ದರು. ಅದಕ್ಕಿಂತ ಕೆಳಗಿನ ಮೆಟ್ಟಿಲು ಇರಲಿಲ್ಲ.

ಯಜಮಾನರು ಕೊರಳ ಲಿಂಗ ಮುಟ್ಟಿ ಮಾತು ಕೊಟ್ಟರು. "ಅನ್ನಕ್ಕೆ ಕಾಸು ಇಸ್ಕಳಲ್ಲವ್ವ. ಚಾಪೆಗೆ ಇಸ್ಕಂತೀನಿ, ಗಾಡಿಗೆ ಇಸ್ಕಂತೀನಿ, ಸ್ನಾನದ ಬಿಸಿನೀರಿಗೆ ಇಸ್ಕಂತೀನಿ. ಊಟ ಧರ್ಮ." ನಾನೂ ಪಕ್ಕದಲ್ಲೇ ನಿಂತಿದ್ದೆ. ಅತ್ತೆ ನನ್ನ ಕಡೆಗೂ ನೋಡಿದರು. ನಾನೂ ತಲೆಯಾಡಿಸಿದೆ.

ತೋಟ ಮಾರಿ ಕಣಿವೆಯಲ್ಲಿ ಮನೆ ಕಟ್ಟಿ ಮೂವರೂ ಅಲ್ಲಿಗೇ ಹೋದೆವು. ಹೀಗೆ ಶುರುವಾಯಿತು ನಮ್ಮ ಉಲ್ಟಾ ವ್ಯಾಪಾರ. ಹಿರಿಯೂರಿನ ಕೊಬ್ಬರಿ ಮಂಡಿಯ ಸಾಹುಕಾರರೊಬ್ಬರು ಮೊದಲ ಸಲ ಬಂದವರು ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಏನಪ್ಪ, ಊಟ ಪುಕ್ಕಟೆ, ಚಾಪೆಗೆ ದುಡ್ಡೇ? ಜನ ಉಣ್ತಾರೆ, ಕೈ ತೊಳ್ಕಂತಾರೆ, ಹೋಗ್ತಾರೆ. ನಿನ್ನ ಚಾಪೆ ಮ್ಯಾಲೆ ನೀನೇ ಮಲಗ್ತೀಯ!" ಯಜಮಾನರು ಅವರ ಜೊತೆ ತಾವೂ ನಕ್ಕರು. ಸಾಹುಕಾರರು ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜವಾಯಿತು.

ಜನ ಬಂದರು, ಬರಲಿಲ್ಲ ಅಂತಲ್ಲ. ಬೆಳಿಗ್ಗೆ ಗಾಡಿಗಳಿಂದ ಇಳಿದು, ಅಣೆಕಟ್ಟೆ ಹತ್ತಿ, ಅಷ್ಟಗಲದ ನೀರು ನೋಡಿ, ಬೆರಗಾಗಿ, ಮಾರಮ್ಮನಿಗೆ ಕೈಮುಗಿದು, ಮಧ್ಯಾಹ್ನಕ್ಕೆ ನಮ್ಮ ಜಗಲಿಗೆ ಬರುತ್ತಿದ್ದರು. ಬ್ರಾಹ್ಮಣರು ಹಿತ್ತಲ ಕೊಟ್ಟಿಗೆಯಲ್ಲಿ ತಾವೇ ಬೇಯಿಸಿಕೊಳ್ಳುತ್ತಿದ್ದರು. ಮಿಕ್ಕವರು ನಮ್ಮ ಪಂಕ್ತಿಗೆ ಕೂರುತ್ತಿದ್ದರು. ಉಂಡು ಸಂಜೆ ಬೆಳಕಿರುವಾಗಲೇ ಹಿರಿಯೂರಿಗೆ ಹೊರಟುಬಿಡುತ್ತಿದ್ದರು, ಏಕೆಂದರೆ ಕಣಿವೆಯಲ್ಲಿ ಚಳಿಜ್ವರದ ಭಯ, ಮಲಗಿದವರನ್ನು ಹಿಡಿಯುತ್ತದೆ ಎಂಬ ಸುದ್ದಿ. ನಾಲ್ಕು ಕೋಣೆಯಲ್ಲಿ ಸುತ್ತಿಟ್ಟ ಚಾಪೆಗಳು ಸುತ್ತಿಟ್ಟ ಹಾಗೇ ಇದ್ದವು.

ಅತ್ತೆಗೆ ಮಾತ್ರ ಅದು ಸುಗ್ಗಿ. ನಮ್ಮ ಅತ್ತೆ ಗಿಡ್ಡ ಹೆಂಗಸು, ಗಂಟಲು ಮಾತ್ರ ಊರಗಲ. ಹೊಳಲ್ಕೆರೆಯಲ್ಲಿ ಇಡೀ ಬೀದಿಗೆ ಕೇಳುವಂತೆ ಜಗಳ ಆಡಬಲ್ಲವರು. ಇಲ್ಲಿ ಅದೇ ಗಂಟಲಲ್ಲಿ ಅನ್ನದ ಬುಟ್ಟಿ ಹಿಡಿದುಕೊಂಡು, "ಬರ್ರಿ, ಕುಂತ್ಕಳ್ರಿ, ನಾಚ್ಕಬ್ಯಾಡ್ರಿ. ಇನ್ನೊಂದು ಮುದ್ದೆ ಉಣ್ಣಪ್ಪ, ಕಟ್ಟೆ ಹತ್ತಿ ಇಳಿದಿದ್ದೀಯ. ಲೇ, ಆ ಮೂಲೆಯಾಗಿನ ಮಗೀಗೆ ತುಪ್ಪ ಹಾಕೇ!" ಎಂದು ಪಂಕ್ತಿಯ ತುಂಬ ಓಡಾಡುವರು. ಯಾವೂರು, ಎಷ್ಟು ಮಕ್ಕಳು, ಸೊಸೆ ಬಸುರಿಯೇ, ಎಲ್ಲ ವಿಚಾರಿಸುವರು. ಕಣಿವೆಯ ನೀರನ್ನು ಅವರು ಒಂದೇ ಸಲ ನೋಡಿದ್ದು. "ದೊಡ್ಡದೈತೆ ಬಿಡು" ಅಂದು ಬಂದುಬಿಟ್ಟರು. ನೋಡಲು ಬಂದವರನ್ನು ನೋಡುವುದೇ ಅವರಿಗೆ ಹಬ್ಬ.

ನನಗೆ ಸಿಟ್ಟು ಬರುತ್ತಿತ್ತು. ಅವರದು ಧರ್ಮ, ನನ್ನದು ಸೊಂಟ. ಬೀಸುವುದು, ರುಬ್ಬುವುದು, ಮುತ್ತುಗದ ಎಲೆ ಹಚ್ಚುವುದು, ಉಂಡವರ ಎಲೆ ತೆಗೆದು ಗೋಮಯ ಬಳಿಯುವುದು. ತವರಿನಿಂದ ತಂದಿದ್ದ ಎರಡು ಸೀರೆ ಬಿಟ್ಟು ಮೂರನೆಯದಿಲ್ಲ. ಎರಡನೆಯ ವರ್ಷ ಒಂದು ಎತ್ತು ಕಾಲು ಮುರಿದುಕೊಂಡಿತು. ಇನ್ನೊಂದು ಕೊಳ್ಳಲು ಗತಿಯಿಲ್ಲದೆ ಒಂದು ಗಾಡಿ ಮೂಕಿ ನೆಲಕ್ಕೂರಿ ನಿಂತಿತು. ಅವತ್ತೇ ಅತ್ತೆ ಉಳಿದಿದ್ದ ತುಪ್ಪವನ್ನೆಲ್ಲ ಹೊಸದುರ್ಗದ ಕಡೆಯಿಂದ ಬಂದ ಗುಂಪಿಗೆ ಬಡಿಸಿ ಕುಡಿಕೆ ತೊಳೆದಿಟ್ಟರು. ನಾನು ಒಲೆ ಮುಂದೆ ಕುಂತು ಗೊಣಗಿದೆ. "ಕೂತು ಉಣ್ಣೋರಿಗೆ ಕುಡಿಕೆ ಹೊನ್ನು ಸಾಲದಂತೆ. ಇಲ್ಲಿ ಊರೆಲ್ಲ ಕೂತು ಉಣ್ತೈತೆ." ಅತ್ತೆಗೆ ಕೇಳಿಸಿತು. ಅವರು ಬೈಯಲಿಲ್ಲ. "ಕೂಸೇ, ನಿನಗೆ ಸಾಕಾಗೈತೆ. ನಾಳೆ ಎಲೆ ನಾನು ಹಚ್ತೀನಿ, ನೀನು ಮಲಕ್ಕ" ಅಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆ ಮಾರನೆಯ ದಿನವೇ ತುಮಕೂರಿನ ಕಡೆಯ ವಕೀಲರೊಬ್ಬರು ಬಂದಿದ್ದರು. ಜರಿ ರುಮಾಲು, ಮೆಲು ಮಾತು. ಊಟವಾದ ಮೇಲೆ ಅತ್ತೆಯ ಕೈಗೆ ಏನೋ ಕೊಡಲು ಹೋದರು.

"ಇದೇನಪ್ಪ?"

"ಊಟಕ್ಕೆ, ತಾಯಿ."

"ನಿಮ್ಮನೇಲಿ ಉಂಡಾಗ ನಿಮ್ಮವ್ವಂಗೆ ದುಡ್ಡು ಕೊಟ್ಟು ಏಳ್ತೀರೇನಪ್ಪ?"

ವಕೀಲರು ನಾಚಿ ಕೈಮುಗಿದರು. ಅವರು ಹೋದ ಮೇಲೆ ನಾನು ಎಲೆ ತೆಗೆಯುತ್ತ ಬಂದೆ. ಅವರ ಎಲೆ ಎತ್ತಿದಾಗ ಕೆಳಗೆ ಒಂದು ಪಾವಲಿ, ನಾಲ್ಕಾಣೆ. ಸಾರಿನಲ್ಲಿ ಅರ್ಧ ಒದ್ದೆಯಾಗಿ ನೆಲಕ್ಕೆ ಅಂಟಿತ್ತು.

ಅತ್ತೆ ಹತ್ತು ಹೆಜ್ಜೆ ಆಚೆ, ಬೆನ್ನು ಹಾಕಿ ನೀರು ತೋಡುತ್ತಿದ್ದರು. "ಅತ್ತೆ, ನೋಡ್ರಿ ಇಲ್ಲಿ" ಅಂದಿದ್ದರೆ ಮುಗಿಯುತ್ತಿತ್ತು. ಓಡಿ ಹೋಗಿ ಕೊಟ್ಟು ಬಾ ಅನ್ನುತ್ತಿದ್ದರು, ನಾನು ಓಡುತ್ತಿದ್ದೆ. ಅಷ್ಟೇ. ನಾನು ಕರೆಯಲಿಲ್ಲ. ಪಾವಲಿಯನ್ನು ಸೆರಗಿನಲ್ಲಿ ಒರೆಸಿ ಮಡಿಲಿಗೆ ಸಿಕ್ಕಿಸಿದೆ. ಎತ್ತಿನ ಯೋಚನೆ ಇತ್ತು, ತುಪ್ಪದ ಸಿಟ್ಟಿತ್ತು, ಎಲ್ಲ ನಿಜ. ಆದರೆ ಕೈ ಚಾಚಿದ್ದು ನಾನು. ಮೊದಲ ಕಾಸು ನನ್ನದೇ ಕೈಯಿಂದ.

ಯಜಮಾನರಿಗೆ ತೋರಿಸಿದೆ. ಅವರು ಅದನ್ನು ಅಂಗೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ನಾವೇನು ಕೇಳಿಲ್ಲವಲ್ಲ" ಅಂದರು. ಆಮೇಲೆ, "ಅವ್ವಂಗೆ ಹೇಳಬ್ಯಾಡ" ಅಂದರು.

ಮುಂದಿನ ತಿಂಗಳಿಂದ ಎಲೆಯ ಕೆಳಗೆ ಕಾಸು ಹೆಚ್ಚಾದವು. ಒಂದು ದಿನ ಎರಡು, ಇನ್ನೊಂದು ದಿನ ಆರು. ಜನ ಎಷ್ಟು ಒಳ್ಳೆಯವರು ಎಂದು ನಾನು ಬೆರಗಾಗುತ್ತಿದ್ದೆ. ಆಮೇಲೆ ತಿಳಿಯಿತು, ಯಜಮಾನರು ಗಾಡಿ ಹೊಡೆಯುವವನಿಗೆ ಹೇಳಿಕೊಟ್ಟಿದ್ದರು. ಅವನು ಹಿರಿಯೂರು ದಾಟುತ್ತಿದ್ದಂತೆ ಒಳಗೆ ಕುಂತವರ ಕಡೆ ತಿರುಗಿ, "ಊಟಕ್ಕೆ ಅಜ್ಜಿ ಕೈಗೆ ಕಾಸು ಕೊಡಬ್ಯಾಡ್ರಿ, ಬೈತಾರೆ. ಮನಸಿದ್ರೆ ಎಲೆ ಕೆಳಗೆ ಇಟ್ಟು ಎದ್ದುಬಿಡ್ರಿ" ಅನ್ನುತ್ತಿದ್ದ. ಅದೂ ಗೊತ್ತಾದ ಮೇಲೆ ನಾನು ಬಾಯಿ ಬಿಡಲಿಲ್ಲ. ಕಾಸು ಕಲ್ಲಿಗೆ ತಾಗಿ ಸದ್ದು ಮಾಡದ ಹಾಗೆ ಎಲೆ ಮಡಚುವುದನ್ನು ಕಲಿತೆ. ಮೊದಲು ಅಂಚು ಎತ್ತಿ ನೋಡುವುದು, ಎಡಗೈ ಬೆರಳಿಂದ ಎಳೆದುಕೊಳ್ಳುವುದು, ಆಮೇಲೆ ಎಲೆ ಸುರುಳಿ ಸುತ್ತುವುದು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರೆ. ಅತ್ತೆ "ಏನೇ" ಎಂದು ಸುಮ್ಮನೆ ಕರೆದರೂ ನನಗೆ ಜೀವ ಹಾರುತ್ತಿತ್ತು.

ಹೊಸ ಎತ್ತು ಬಂತು. ನಿಂತಿದ್ದ ಗಾಡಿ ಓಡಿತು. ಮರುವರ್ಷ ಮೂರನೆಯ ಗಾಡಿಯ ಮಾತು ಶುರುವಾಯಿತು. ನನಗೊಂದು ಹಸಿರು ಸೀರೆ ಬಂತು. "ನೋಡಿದ್ಯಾ, ಶಿವ ಕೊಡ್ತಾನೆ. ಊಟ ಹಾಕಿದ ಮನೆ ಯಾವತ್ತೂ ಕೆಡಾಕಿಲ್ಲ" ಎಂದು ಅತ್ತೆ ಆ ಸೀರೆಯ ಅಂಚು ಸವರಿ ಖುಷಿಪಟ್ಟರು. ನಾನು ಬಚ್ಚಲಿಗೆ ಹೋಗಿ ಅತ್ತು ಬಂದೆ.

ಸಿಕ್ಕಿಬಿದ್ದದ್ದು ಚಳಿಜ್ವರದಿಂದ. ನನಗೆ ಜ್ವರ ಬಂದು ಕಂಬಳಿ ಹೊದ್ದು ಮಲಗಿದ್ದೆ. ಅವತ್ತು ಹನ್ನೆರಡು ಜನರ ಪಂಕ್ತಿ. ಅತ್ತೆಯೇ ಬಡಿಸಿ, ಅವರೇ ಎಲೆ ತೆಗೆಯಲು ಹೋದರು. ಸ್ವಲ್ಪ ಹೊತ್ತಿಗೆ ನನ್ನ ಹಾಸಿಗೆಯ ಪಕ್ಕ ಬಂದು ಕುಂತರು. ಅವರ ಅಂಗೈಯಲ್ಲಿ ಒಂಬತ್ತು ಕಾಸು.

"ಇದೇನೇ ಇದು?"

"ಯಾರದೋ ಬಿದ್ದಿರಬೇಕು ಅತ್ತೆ."

"ಒಂಬತ್ತು ಜನದ್ದು, ಒಂಬತ್ತು ಎಲೆ ಕೆಳಗೆ, ಬೀಳ್ತಾವೇನೇ?"

ನಾನು ಕಂಬಳಿ ಮುಖದ ಮೇಲೆ ಎಳೆದುಕೊಂಡೆ. ಅವರು ಕಂಬಳಿ ಸರಿಸಿ ನನ್ನ ಹಣೆ ಮುಟ್ಟಿ ನೋಡಿದರು. ಮೈ ಸುಡುತ್ತಿತ್ತು. ಒದ್ದೆ ಬಟ್ಟೆ ಹಾಕಿ ಎದ್ದು ಹೋದರು.

ಸಂಜೆಗೆ ಮೊದಲು ಯಜಮಾನರು ಬಂದರು. ಅತ್ತೆ ಕಾಸುಗಳನ್ನು ಹೊಸ್ತಿಲ ಮೇಲೆ ಸಾಲಾಗಿ ಇಟ್ಟಿದ್ದರು. ದಾಟಿ ಒಳಗೆ ಬರುವ ಹಾಗಿಲ್ಲ.

"ನಾವು ಕೇಳಿಲ್ಲವ್ವ. ಅವರೇ ಇಡ್ತಾರೆ. ಕೇಳ್ದೆ ಬಂದಿದ್ದು ಮಾರಾಟ ಹೆಂಗಾಗ್ತೈತೆ?"

"ಕೇಳ್ದೆ ಬಂದಿದ್ದಾದ್ರೆ ನನಗೆ ಹೇಳ್ದೆ ಯಾಕಪ್ಪ ಇಟ್ಕಂಡ್ರಿ?"

ಯಜಮಾನರು ಹೊಸ್ತಿಲಾಚೆಯೇ ಕುಕ್ಕರಿಸಿದರು.

"ಇವತ್ತು ಉಂಡ ಹೆಣ್ಣುಮಗಳೊಬ್ಬಳು ಹೋಗಾವಾಗ ಅಂದ್ಲು, ಗಾಡಿಯೋನು ಹೇಳಿದಂಗೇ ಇಟ್ಟೀವಿ ಅಜ್ಜಿ, ಸಾಕಾ ಅಂತ. ಕೇಳಿದ್ದು ನೀನೇ ಕಣಪ್ಪ. ಬಾಯಿ ಮಾತ್ರ ಗಾಡಿಯೋಂದು."

ಕಿರುಚಾಡುತ್ತಾರೆ, ಮನೆ ಬಿಟ್ಟು ಹೋಗುತ್ತಾರೆ ಅಂದುಕೊಂಡಿದ್ದೆ. ಆ ಗಂಟಲು ಅವತ್ತು ಏಳಲೇ ಇಲ್ಲ. ಯಜಮಾನರು ಅತ್ತುಕೊಂಡು ಹೇಳಿದರು. ಎತ್ತಿನ ಕತೆ, ಅಕ್ಕಿಯ ಕತೆ, ಚಾಪೆಯ ಮೇಲೆ ಯಾರೂ ಮಲಗದ ಕತೆ. ಆ ಕಾಸು ಬಿಟ್ಟರೆ ನಾಳೆಯೇ ಬಾಗಿಲು ಹಾಕಬೇಕು, ಮಾರಿದ ತೋಟ ತಿರುಗಿ ಬರುವುದಿಲ್ಲ ಅಂದರು. ಅದೂ ಸುಳ್ಳಲ್ಲ. ಅತ್ತೆ ಎಲ್ಲ ಕೇಳಿಸಿಕೊಂಡು, "ನೀನು ಬದುಕೋ ದಾರಿ ನೋಡ್ಕಂಡೆ, ನಾನು ಬ್ಯಾಡ ಅನ್ನಲ್ಲ. ನನ್ನ ದಾರಿ ನನಗೆ ಬಿಡು" ಅಂದರು.

ಮಾರನೆಯ ದಿನ ಎಂದಿನಂತೆ ಒಲೆ ಹಚ್ಚಿದರು. ಎಂದಿನಂತೆ ಬಡಿಸಿದರು. ನನಗೆ ತಡೆಯದೆ, "ಗೊತ್ತಿದ್ದೂ ಬಡಿಸ್ತೀರಲ್ಲ ಅತ್ತೆ" ಅಂದೆ. "ಹಸಿದು ಬಂದೋರ ತಪ್ಪೇನೈತೆ?" ಅಂದರು. ಎಲ್ಲರದೂ ಆಗಿ ನಾನು ಅವರಿಗೆ ತಟ್ಟೆ ಇಟ್ಟರೆ, ಮುಟ್ಟಲಿಲ್ಲ. ಹಿತ್ತಲಿಗೆ ಹೋಗಿ ಮೂರು ಕಲ್ಲು ಹೂಡಿ, ಒಂದು ಪುಟ್ಟ ಗಡಿಗೆಯಲ್ಲಿ ತಾವೇ ಒಂದು ಮುದ್ದೆ ತೊಳಸಿಕೊಂಡರು. ಅತ್ತೆಯ ತವರು ಹೊಸದುರ್ಗದ ಕಡೆ ಒಂದು ಒಣ ಊರು. ಅವರ ತಮ್ಮ ವರ್ಷಕ್ಕೊಂದು ಸಲ ಅಕ್ಕನಿಗೆಂದು ಒಂದು ಚೀಲ ರಾಗಿ ಹೊತ್ತು ತರುತ್ತಿದ್ದರು. ಅಂದಿನಿಂದ ಅತ್ತೆ ಉಂಡದ್ದು ಅದನ್ನು ಮಾತ್ರ. ನಮ್ಮ ಮನೆಯ ಉಪ್ಪನ್ನೂ ಹಾಕಿಕೊಳ್ಳುತ್ತಿರಲಿಲ್ಲ. ಚೀಲ ತಳ ಕಾಣುವ ತಿಂಗಳುಗಳಲ್ಲಿ ಅರ್ಧ ಮುದ್ದೆ, ಕೆಲವು ದಿನ ಬರೀ ಅಂಬಲಿ. ನೂರು ಜನ ಹೊಟ್ಟೆ ತುಂಬ ಉಂಡು ಹೋಗುವ ಮನೆಯಲ್ಲಿ, ಅವರಿಗೆಲ್ಲ ಬಡಿಸಿದ ಹೆಂಗಸು ಹಿತ್ತಲಲ್ಲಿ ಕುಂತು ಅರ್ಧ ಮುದ್ದೆ ನುಂಗುವುದನ್ನು ನಾನು ಎರಡು ವರ್ಷ ನೋಡಿದೆ. ದೇವರೇ, ಅಂಥದ್ದನ್ನು ಶತ್ರುವಿಗೂ ತೋರಿಸಬೇಡ.

ನಾನು ಕಾಲು ಹಿಡಿದೆ. ಜಗಳವಾಡಿದೆ. "ನಮ್ಮನ್ನ ಹಿಂಗೆ ಕೊಲ್ಲಬ್ಯಾಡ್ರಿ, ಬೇಕಾದ್ರೆ ಹೊಡೀರಿ" ಎಂದು ಅರಚಿದೆ. "ನಿನ್ನ ಮ್ಯಾಲೆ ಸಿಟ್ಟಿಲ್ಲ ಕಣೇ ಕೂಸೇ. ನನಗೆ ಗಂಟಲಾಗೆ ಇಳಿಯಂಗಿಲ್ಲ, ಏನು ಮಾಡ್ಲಿ?" ಎಂದು ನನ್ನ ಕಣ್ಣನ್ನೇ ಒರೆಸಿದರು. ಯಜಮಾನರು ಹಿತ್ತಲ ಬಾಗಿಲಿಗೆ ಹೋಗುವುದನ್ನೇ ಬಿಟ್ಟರು. ಆ ಮೂರು ಕಲ್ಲು ಕಣ್ಣಿಗೆ ಬೀಳದ ಹಾಗೆ ಬಳಸಿ ಓಡಾಡುತ್ತಿದ್ದರು. ಬಂದವರೆಲ್ಲ ಅಜ್ಜಿಯನ್ನು ಹೊಗಳಿ ಹೋಗುತ್ತಿದ್ದರು. ಬೆಂಗಳೂರಿನಲ್ಲಿ ಕೂಡ ಕಣಿವೆಯ ಅಜ್ಜಿಯ ಊಟ ಅಂದರೆ ಹೆಸರಾಗಿದೆ ಎಂದು ಯಾರೋ ಹೇಳಿದರು. ಮೂರನೆಯ ಗಾಡಿಯೂ ಬಂತು.

ಆಮೇಲೆ ಒಂದು ಆಶ್ವೀಜದಲ್ಲಿ ಚಳಿಜ್ವರ ಅತ್ತೆಯನ್ನು ಹಿಡಿಯಿತು. ಮೈಯಲ್ಲಿ ಏನಿತ್ತು, ತಡೆದುಕೊಳ್ಳಲು? ಹಿರಿಯೂರಿನಿಂದ ಔಷಧಿ ತಂದೆವು, ಕುಡಿದರು. ರಾಗಿ ಅಂಬಲಿ ಒಳಗೆ ನಿಲ್ಲಲಿಲ್ಲ. ಔಷಧಿ ಕೊಟ್ಟವರು, ಅಕ್ಕಿ ಗಂಜಿ ತೆಳ್ಳಗೆ ಮಾಡಿ ಕುಡಿಸಿ, ಇಲ್ಲದಿದ್ದರೆ ಉಳಿಯುವುದಿಲ್ಲ ಅಂದಿದ್ದರು. ಮನೆಯಲ್ಲಿ ಅಕ್ಕಿ ಮೂಟೆಗಟ್ಟಲೆ ಇತ್ತು. ಯಾವ ಕಾಸಿನಿಂದ ಬಂದ ಅಕ್ಕಿ ಎಂದು ನನಗೂ ಗೊತ್ತು, ಅವರಿಗೂ ಗೊತ್ತು.

ನಾನು ಗಂಜಿ ಮಾಡಿದೆ. ಬಟ್ಟಲು ಹಿಡಿದು ಪಕ್ಕದಲ್ಲಿ ಕುಂತೆ. ಕಣ್ಣು ಬಿಟ್ಟು ನೋಡಿದರು.

"ಎಲ್ಲಿದೇ ಅಕ್ಕಿ?"

ಬಾಯಿಗೆ ಬಂದದ್ದನ್ನು ಹೇಳಿದೆ. "ನಿಮ್ಮ ತವರಿಂದ ನಿಮ್ಮ ತಮ್ಮ ಕಳಿಸ್ಯಾರೆ ಅತ್ತೆ. ನಿಮಗೇ ಅಂತ."

ಹೇಳಿದ ಮೇಲೆ ಹೊಳೆಯಿತು. ಅವರ ತವರಿನಲ್ಲಿ ರಾಗಿ, ಸಾವೆ, ಹುರುಳಿ ಬಿಟ್ಟರೆ ಏನೂ ಬೆಳೆಯುವುದಿಲ್ಲ. ಆ ಊರಿನಲ್ಲಿ ಹಬ್ಬದಲ್ಲಿ ಕೂಡ ಅಕ್ಕಿ ಅಪರೂಪ. ಕಣಿವೆಯ ಕಾಲುವೆ ನೀರು ಹೋಗುವ ಹಿರಿಯೂರಿನ ಗದ್ದೆಯ ಅಕ್ಕಿ ಅದು, ಮೂಗಿಗೇ ಗೊತ್ತಾಗುವಂಥದ್ದು. ಬಟ್ಟಲು ಓರೆಯಾಗಿ ಗಂಜಿ ತುಳುಕಿ ಅವರ ಕೊರಳ ಮೇಲೆ ಚೆಲ್ಲಿತು. ಅತ್ತೆ ನನ್ನ ಮುಖವನ್ನೇ ನೋಡಿದರು. ಆಮೇಲೆ ನನ್ನ ಕೈಯ ಮೇಲೆ ಅವರ ಕೈ ಇಟ್ಟು, ಬಟ್ಟಲನ್ನು ಬಾಯಿಯ ಹತ್ತಿರ ಎಳೆದುಕೊಂಡು, ನಾಲ್ಕು ಗುಟುಕು ಕುಡಿದರು.

"ಚೆನ್ನಾಗೈತೆ" ಅಂದರು. "ನಮ್ಮ ತಮ್ಮಂಗೆ ನನ್ನ ಮ್ಯಾಲೆ ಭಾಳ ಪ್ರೀತಿ."

ಅದೇ ಕೊನೆಯ ಊಟ. ಎರಡನೆಯ ದಿನ ಮಧ್ಯಾಹ್ನ, ಹೊರಗೆ ಪಂಕ್ತಿ ಕೂರುವ ಹೊತ್ತಿಗೆ, ಹೋಗಿಬಿಟ್ಟರು. ಎರಡು ವರ್ಷ ಬಿಗಿಹಿಡಿದ ಬಾಯನ್ನು ನನ್ನ ಸುಳ್ಳಿಗಾಗಿ ತೆರೆದರು. ನನ್ನನ್ನು ಕ್ಷಮಿಸಿ ಕುಡಿದರೋ, ನನ್ನ ಮುಖ ನೋಡಲಾರದೆ ಕುಡಿದರೋ, ನಾನು ಇವತ್ತಿಗೂ ತೀರ್ಮಾನ ಮಾಡಲಾರೆ.

ಆ ಮನೆ ಆಮೇಲೆ ಏನಾಯಿತು ಎಂದು ಕೇಳುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಇನ್ನೂ ಕೆಲವು ವರ್ಷ ನಡೆಯಿತು. ಚಿಕ್ಕಜಾಜೂರಿನಿಂದ ದುರ್ಗಕ್ಕೇ ರೈಲು ಹೋಗುವಂತಾಯಿತು, ಹಿರಿಯೂರಿನ ರಸ್ತೆಯಲ್ಲಿ ಮೋಟಾರು ಬಂತು, ನಮ್ಮ ಕಮಾನು ಗಾಡಿ ಹತ್ತುವವರು ಇಲ್ಲವಾದರು. ಮಾರಿದೆವು, ಹೊಳಲ್ಕೆರೆಗೆ ಬಂದೆವು. ಅದು ದೊಡ್ಡ ಕತೆಯಲ್ಲ. ಹಾಕಿದ ಬಂಡವಾಳ ಹೋಗುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ನಾನು ಹೇಳಬೇಕಾದದ್ದು ಅತ್ತೆಯ ಹನ್ನೊಂದನೆಯ ದಿನದ ಆರಾಧನೆಯ ವಿಷಯ.

ಅವತ್ತು ಯಜಮಾನರು ಗಾಡಿಗಳನ್ನು ಹೂಡಿಸಲಿಲ್ಲ. ಹೊಳಲ್ಕೆರೆಯಿಂದ ನೆಂಟರು, ಹೊಸದುರ್ಗದ ಕಡೆಯಿಂದ ಅತ್ತೆಯ ತಮ್ಮ, ಮಠದ ಅಯ್ಯನವರು, ಸುತ್ತಲಿನ ಜನ ಎಲ್ಲ ಸೇರಿದ್ದರು. ಅಕ್ಕಿ, ಬೇಳೆ, ಬೆಲ್ಲ ಯಾವುದನ್ನೂ ನಮ್ಮ ಉಗ್ರಾಣದಿಂದ ತೆಗೆಯಬಾರದು ಎಂದು ಯಜಮಾನರು ಹಟ ಹಿಡಿದರು. ಆ ಕಾಸು ಸೋಕದೆ ಮಾರಲು ಉಳಿದಿದ್ದದ್ದು ಅತ್ತೆಯ ಕಿವಿಯ ಓಲೆ ಒಂದೇ. ತೋಟ ಮಾರುವ ದಿನ ಅವರೇ ಹೇಳಿದ್ದರಲ್ಲ, ಬೇಕಾದರೆ ಓಲೆ ಮಾರು ಎಂದು. ಅದನ್ನು ಹಿರಿಯೂರಿನಲ್ಲಿ ಮಾರಿ ಸಾಮಾನು ತಂದರು. "ಇವತ್ತೊಂದು ದಿನ ಅವ್ವನ ಮಾತು ನಡೀಲಿ" ಅಂದರು.

ಮಧ್ಯಾಹ್ನ ಪಂಕ್ತಿಯ ಹೊತ್ತಿಗೆ ಯಾರದೋ ಬಾಡಿಗೆ ಗಾಡಿಯಲ್ಲಿ ಒಬ್ಬ ಮಹನೀಯರು ಹೆಂಡತಿಯೊಡನೆ ಬಂದಿಳಿದರು. ಕಣಿವೆ ನೋಡಲು ಬಂದವರು. ಮನೆಯ ವಿಷಯ ಅವರಿಗೆ ಗೊತ್ತಿಲ್ಲ. ಯಜಮಾನರೇ ಎದುರು ಹೋಗಿ, "ಬರ್ರಿ, ಕುಂತ್ಕಳ್ರಿ, ನಾಚ್ಕಬ್ಯಾಡ್ರಿ" ಅಂದರು. ಅದು ಅತ್ತೆಯ ಮಾತು, ಅತ್ತೆಯದೇ ಧಾಟಿ. ನಾನು ಸಾರಿನ ಕೊಳಗ ಅಲ್ಲೇ ಇಟ್ಟು ಗೋಡೆ ಹಿಡಿದುಕೊಂಡೆ. ಯಜಮಾನರೇ ಅವರಿಬ್ಬರಿಗೂ ಬಡಿಸಿದರು, ಇನ್ನೊಂದು ಹೋಳಿಗೆ ಎಂದು ಒತ್ತಾಯ ಮಾಡಿದರು. ಅವರು ತೃಪ್ತಿಯಾಗಿ ಉಂಡು ಗಾಡಿ ಹತ್ತಿದರು.

ಎಲೆ ತೆಗೆಯಲು ನಾನು ಬಂದೆ. ಇವತ್ತು ಅಂಚು ಎತ್ತಿ ನೋಡಬಾರದು ಎಂದುಕೊಂಡಿದ್ದೆ. ಕೈ ಎತ್ತಿತು. ಆ ಮಹನೀಯರ ಎಲೆಯ ಕೆಳಗೆ ಎರಡಾಣೆಯ ಒಂದು ಕಾಸು. ಯಾರು ಹೇಳಿಕೊಟ್ಟಿದ್ದರೋ. ನಾವು ಹೇಳಿಕೊಟ್ಟದ್ದು ಅಷ್ಟು ದೂರ ಹರಡಿತ್ತು.

"ನೋಡ್ರಿ ಇಲ್ಲಿ" ಎಂದು ಕೂಗಿದೆ. ನೆಂಟರು, ಅಯ್ಯನವರು, ಅತ್ತೆಯ ತಮ್ಮ ಎಲ್ಲರೂ ನೋಡಿದರು. ಆ ಮಾತನ್ನು ನಾನು ವಕೀಲರ ಪಾವಲಿ ಸಿಕ್ಕ ದಿನ ಕೂಗಬೇಕಾಗಿತ್ತು.

ಯಜಮಾನರು ಬಂದರು. ನನ್ನ ಕೈಯಿಂದ ಕಾಸು ಕಿತ್ತುಕೊಂಡರು. ತಲೆಗೆ ರುಮಾಲಿಲ್ಲ, ಕಾಲಿಗೆ ಮೆಟ್ಟಿಲ್ಲ, ಹಾಗೇ ರಸ್ತೆಗೆ ಓಡಿದರು. ಗಾಡಿ ಆಗಲೇ ತಿರುವಿನ ಹತ್ತಿರ ಇತ್ತು. ಧೂಳಿನಲ್ಲಿ "ನಿಲ್ಲಿಸ್ರಿ, ಸ್ವಾಮಿ, ನಿಲ್ಲಿಸ್ರಿ!" ಎಂದು ಅವರು ಕೂಗುವುದು ಕೇಳಿಸುತ್ತಿತ್ತು. ಜಗಲಿಯಿಂದ ಎಲ್ಲರೂ ನೋಡುತ್ತಿದ್ದೆವು. ಗಾಡಿ ನಿಂತಿತು. ಇವರು ಏದುಸಿರು ಬಿಡುತ್ತ ಕಾಸು ಹಿಡಿದ ಕೈಯನ್ನು ಮೇಲೆ ಚಾಚಿದ್ದು ಕಂಡಿತು. ಮಾತು ಹೊರಡಲಿಲ್ಲವೋ, ಅಳು ಬಂತೋ, ಬರೀ ಕೈ ಚಾಚಿ ನಿಂತಿದ್ದರು. ಗಾಡಿಯೊಳಗಿಂದ ಒಂದು ಕೈ ಹೊರಬಂದು ಆ ಅಂಗೈಯನ್ನು ಮುಟ್ಟಿತು. ಗಾಡಿ ಹೊರಟಿತು.

ನನಗೆ ನಿರಾಳವಾಯಿತು. ವಾಪಸು ತೆಗೆದುಕೊಂಡರು ಅಂದುಕೊಂಡೆ.

ಯಜಮಾನರು ನಿಧಾನವಾಗಿ ನಡೆದು ಬಂದರು. ಜಗಲಿಯಲ್ಲಿ ಕುಂತ ಯಾರ ಮುಖವನ್ನೂ ನೋಡದೆ ಮನೆಯ ಒಳಗಿಂದ ಹಾದು ಹಿತ್ತಲಿಗೆ ಹೋದರು. ಎರಡು ವರ್ಷ ಕಣ್ಣೆತ್ತಿ ನೋಡದಿದ್ದ ಆ ಮೂರು ಕಲ್ಲಿನ ಮುಂದೆ ಕುಂತರು. ನಾನು ಹಿಂದೆಯೇ ಓಡಿ ಹೋದೆ. ಮುಷ್ಟಿ ಬಿಚ್ಚಿ ತೋರಿಸಿದರು. ಅಂಗೈಯಲ್ಲಿ ಎರಡು ಕಾಸು ಇದ್ದವು.

"ಕಮ್ಮಿ ಆಯ್ತು ಅನ್ಕಂಡ್ರು ಕಣೇ" ಅಂದರು. "ಇನ್ನೊಂದು ಕೊಟ್ಟು ಹೋದ್ರು."